ಮೂರು ಫಿಲ್ಟರ್‌ಗಳಲ್ಲಿ ಕಾಣದ ಚುಕ್ಕೆ: ಒಂದು ಪ್ರಕರಣ ಅಧ್ಯಯನ

ನಮ್ಮದು ನಾಲ್ಕೇ ಜನರ ಸಂಶೋಧನಾ ತಂಡ. ಚುಕ್ಕೆಯನ್ನು ಮೊದಲು ಕಂಡ ವಿದ್ಯಾರ್ಥಿನಿ, ತಂಡದ ಮುಖ್ಯಸ್ಥರು, ಚಿತ್ರಗಳನ್ನು ಸಂಸ್ಕರಿಸುವ ಗೆಳೆಯ, ಮತ್ತು ನಾನು. ಎಲ್ಲರ ಹೆಸರನ್ನೂ ಬಿಟ್ಟಿದ್ದೇನೆ. ನಾವು ನೋಡಿದ್ದು ಆಕಾಶದ ಯಾವ ಭಾಗ, ಅದು ಯಾವ ವರ್ಷ ಅನ್ನುವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ದೂರದರ್ಶಕದ ಹೆಸರನ್ನು ಮಾತ್ರ ಮುಚ್ಚಿಡಲು ಆಗುವುದಿಲ್ಲ. ಅದು ಜೇಮ್ಸ್ ವೆಬ್. ಅದು ಕೆಲಸ ಮಾಡುವ ರೀತಿ ತಿಳಿಯದಿದ್ದರೆ ನಾವು ಎಲ್ಲಿ ಎಡವಿದೆವು, ಎಲ್ಲಿ ಸರಿಹೋದೆವು ಅನ್ನುವುದು ಅರ್ಥವಾಗುವುದಿಲ್ಲ.

ಹಿನ್ನೆಲೆ

ವೆಬ್ ಹಾರಿದ್ದು 2021ರ ಡಿಸೆಂಬರ್ 25ರಂದು. ಈಗ ಅದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ, ಎಲ್2 ಅನ್ನುವ ಬಿಂದುವಿನ ಸುತ್ತ ತಿರುಗುತ್ತಿದೆ. ಅಲ್ಲಿಂದ ನೋಡಿದರೆ ಸೂರ್ಯ, ಭೂಮಿ, ಚಂದ್ರ ಮೂರೂ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಇರುತ್ತವೆ. ಹಾಗಾಗಿ ಟೆನಿಸ್ ಅಂಕಣದಷ್ಟು ದೊಡ್ಡ, ಐದು ಪದರದ ಒಂದು ಮರೆ ಹಿಡಿದರೆ ಮೂರರ ಶಾಖವನ್ನೂ ಒಟ್ಟಿಗೆ ತಡೆಯಬಹುದು. ಮರೆಯ ನೆರಳಿನಲ್ಲಿ 6.5 ಮೀಟರ್ ಅಗಲದ ಕನ್ನಡಿ ಇದೆ. ಆರು ಮೂಲೆಯ 18 ತುಂಡುಗಳನ್ನು ಸೇರಿಸಿ ಮಾಡಿದ್ದು, ಮೇಲೆ ಚಿನ್ನದ ತೆಳು ಲೇಪ. ಅಲ್ಲಿನ ಉಷ್ಣತೆ ಮೈನಸ್ 220 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗೆ. ಇಷ್ಟು ತಣ್ಣಗೆ ಇರಲೇಬೇಕು. ಬಿಸಿಯಾದ ಯಾವ ವಸ್ತುವೂ ಅವಕೆಂಪು ಬೆಳಕನ್ನು ಸೂಸುತ್ತದೆ. ದೂರದರ್ಶಕವೇ ಮಿನುಗುತ್ತಿದ್ದರೆ ದೂರದ ಗ್ಯಾಲಕ್ಸಿಯ ನಾಲ್ಕಾರು ಬೆಳಕಿನ ಕಣಗಳು ಅದರಲ್ಲೇ ಮುಳುಗಿಹೋಗುತ್ತವೆ.

ಅವಕೆಂಪೇ ಯಾಕೆ? ವಿಶ್ವ ಹಿಗ್ಗುತ್ತಿದೆ. ಬೆಳಕು ದಾರಿಯಲ್ಲಿರುವಾಗ ಅದರ ಅಲೆಯೂ ಜೊತೆಗೇ ಹಿಗ್ಗುತ್ತದೆ. ಎಷ್ಟು ಪಟ್ಟು ಹಿಗ್ಗಿತು ಅನ್ನುವುದನ್ನು ರೆಡ್‌ಶಿಫ್ಟ್ ಅನ್ನುವ ಸಂಖ್ಯೆಯಲ್ಲಿ ಹೇಳುತ್ತೇವೆ. ರೆಡ್‌ಶಿಫ್ಟ್ 5 ಅಂದರೆ ಅಲೆ 6 ಪಟ್ಟು ಉದ್ದವಾಗಿದೆ ಅಂತ ಅರ್ಥ, 17 ಅಂದರೆ 18 ಪಟ್ಟು. ಸಂಖ್ಯೆ ಜಾಸ್ತಿಯಾದಷ್ಟೂ ನಾವು ನೋಡುತ್ತಿರುವ ಕಾಲ ಹಿಂದಕ್ಕೆ ಹೋಗುತ್ತದೆ. ಎಳೆಯ ನಕ್ಷತ್ರಗಳು ಸೂಸಿದ ನೇರಳಾತೀತ ಬೆಳಕು ನಮ್ಮನ್ನು ಮುಟ್ಟುವ ಹೊತ್ತಿಗೆ ಅವಕೆಂಪಾಗಿರುತ್ತದೆ. ಹಬಲ್ ದೂರದರ್ಶಕದ ಅವಕೆಂಪು ನೋಟ ಸುಮಾರು 1.7 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಉದ್ದದ ಅಲೆಗೆ ನಿಂತುಹೋಗುತ್ತದೆ. ವೆಬ್‌ನ ಸಮೀಪ ಅವಕೆಂಪು ಕ್ಯಾಮೆರಾ 5 ಮೈಕ್ರಾನ್‌ವರೆಗೆ ನೋಡುತ್ತದೆ. ನಮ್ಮ ಕತೆ ನಡೆಯುವುದು ಈ ಎರಡರ ನಡುವಿನ ಜಾಗದಲ್ಲಿ.

ಇನ್ನೊಂದು ವಿಷಯ. 0.1216 ಮೈಕ್ರಾನ್‌ಗಿಂತ ಚಿಕ್ಕ ಅಲೆಯ ಬೆಳಕನ್ನು ಎಳೆಯ ವಿಶ್ವದಲ್ಲಿ ತುಂಬಿದ್ದ ಹೈಡ್ರೋಜನ್ ನುಂಗಿಬಿಡುತ್ತದೆ. ಅಲ್ಲಿಂದ ಕೆಳಗೆ ರೋಹಿತ (ಅಲೆಯ ಉದ್ದದ ಪ್ರಕಾರ ಬಿಡಿಸಿಟ್ಟ ಬೆಳಕಿನ ಪಟ್ಟಿ) ಕತ್ತಲು. ಈ ಕತ್ತಲಿನ ಅಂಚೂ ಬೆಳಕಿನ ಜೊತೆಗೇ ಹಿಗ್ಗಿ ಬರುತ್ತದೆ. ಒಂದೇ ಜಾಗವನ್ನು, ಕೆಲವು ಉದ್ದದ ಅಲೆಗಳನ್ನಷ್ಟೇ ಒಳಗೆ ಬಿಡುವ ಬೇರೆ ಬೇರೆ ಫಿಲ್ಟರ್‌ಗಳಲ್ಲಿ ಚಿತ್ರ ತೆಗೆದರೆ ದೂರದ ಗ್ಯಾಲಕ್ಸಿ ಕೆಲವದರಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಎಲ್ಲಿಂದ ಮಾಯವಾಯಿತು ಅಂತ ನೋಡಿ ದೂರವನ್ನು ಅಂದಾಜು ಮಾಡುತ್ತೇವೆ. ಹೀಗೆ ಮಾಯವಾಗುವ ಚುಕ್ಕೆಗಳನ್ನು ನಮ್ಮಲ್ಲಿ ಡ್ರಾಪ್‌ಔಟ್ ಅನ್ನುತ್ತಾರೆ.

ಚುಕ್ಕೆ ಸಿಕ್ಕಿದ್ದು

ಆಗ ನಮ್ಮ ಹತ್ತಿರ ಸ್ವಂತ ವೀಕ್ಷಣೆಯ ಸಮಯ ಇರಲಿಲ್ಲ. ಒಂದು ದೊಡ್ಡ ಸಮೀಕ್ಷೆಯ ಚಿತ್ರಗಳು ಎಲ್ಲರಿಗೂ ಮುಕ್ತವಾಗಿದ್ದವು, ಅವನ್ನೇ ಇಳಿಸಿಕೊಂಡಿದ್ದೆವು. ಏಳು ಫಿಲ್ಟರ್‌ಗಳು: 1.15, 1.5, 2, 2.77, 3.56, 4.1 ಮತ್ತು 4.44 ಮೈಕ್ರಾನ್. ವಿದ್ಯಾರ್ಥಿನಿ ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ನೋಡುತ್ತಾ ಹೋದಳು. ಒಂದು ಸಂಜೆ ನನ್ನನ್ನು ಕರೆದು ಪರದೆಯ ಮೇಲೆ ಏಳು ಪುಟ್ಟ ಚೌಕಗಳನ್ನು ತೋರಿಸಿದಳು. ಮೊದಲ ಮೂರು ಖಾಲಿ. ಉಳಿದ ನಾಲ್ಕರಲ್ಲೂ ಒಂದೇ ಜಾಗದಲ್ಲಿ ಒಂದು ಮಸುಕು ಚುಕ್ಕೆ. ನಾಲ್ಕರಲ್ಲೂ ಹೊಳಪು ಹೆಚ್ಚುಕಡಿಮೆ ಒಂದೇ.

2 ಮೈಕ್ರಾನ್‌ನಲ್ಲಿ ಇಲ್ಲ, 2.77ರಲ್ಲಿ ಇದೆ. ಕತ್ತಲಿನ ಅಂಚು ಇವೆರಡರ ನಡುವೆ, 2.2 ಮೈಕ್ರಾನ್ ಆಸುಪಾಸಿನಲ್ಲಿ ಇರಬೇಕು. 0.1216ನ್ನು 18ರಿಂದ ಗುಣಿಸಿದರೆ 2.19. ಅಂದರೆ ರೆಡ್‌ಶಿಫ್ಟ್ 17. ಮಹಾಸ್ಫೋಟ ಆಗಿ ಸುಮಾರು 22–23 ಕೋಟಿ ವರ್ಷ ಕಳೆದಾಗಿನ ಗ್ಯಾಲಕ್ಸಿ. ವಿಶ್ವದ ವಯಸ್ಸು 1380 ಕೋಟಿ ವರ್ಷ ಅನ್ನುವುದನ್ನು ಪಕ್ಕದಲ್ಲಿ ಇಟ್ಟು ನೋಡಿ. 2024ರಲ್ಲಿ ರೋಹಿತದಿಂದ ಖಚಿತವಾಗಿ ಇಡೀ ಕ್ಷೇತ್ರವನ್ನೇ ಬೆರಗುಗೊಳಿಸಿದ ಜೇಡ್ಸ್-ಜಿಎಸ್-ಝಡ್14-0 ಅನ್ನುವ ಗ್ಯಾಲಕ್ಸಿಯ ರೆಡ್‌ಶಿಫ್ಟ್ ಕೂಡ 14ರ ಸ್ವಲ್ಪ ಮೇಲಿತ್ತು, ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲ ತಪಾಸಣೆ

ಮರುದಿನ ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು. ಇದು ನಿಜವಾಗಿ ಆಕಾಶದಲ್ಲಿ ಇದೆಯಾ, ಅಥವಾ ಉಪಕರಣವೇ ಹುಟ್ಟುಹಾಕಿದ್ದಾ?

ವೆಬ್‌ನ ಚಿತ್ರ ಒಂದೇ ಸಲ ಬಟನ್ ಒತ್ತಿ ತೆಗೆಯುವ ಫೋಟೋ ಅಲ್ಲ. ಬೆಳಕು ಬಿದ್ದಾಗ ಸಂವೇದಕದ ಪ್ರತಿ ಬಿಂದುವಿನಲ್ಲೂ ವಿದ್ಯುತ್ ಆವೇಶ ತುಂಬುತ್ತಾ ಹೋಗುತ್ತದೆ. ಅದನ್ನು ಖಾಲಿ ಮಾಡದೆಯೇ ಮತ್ತೆ ಮತ್ತೆ ಓದುತ್ತಾರೆ. ಪೂರ್ತಿ ಸಂವೇದಕವನ್ನು ಒಮ್ಮೆ ಓದಲು ಸುಮಾರು 10.7 ಸೆಕೆಂಡ್ ಬೇಕು. ಬೆಳಕು ಒಂದೇ ಸಮ ಬೀಳುತ್ತಿದ್ದರೆ ಓದಿದ ಸಂಖ್ಯೆಗಳು ಇಳಿಜಾರಿನ ಗೆರೆಯ ಹಾಗೆ ಏರುತ್ತವೆ. ನಡುವೆ ಕಾಸ್ಮಿಕ್ ಕಿರಣ ಬಡಿದರೆ ಗೆರೆ ಒಮ್ಮೆಲೇ ಜಿಗಿಯುತ್ತದೆ. ಜಿಗಿತವನ್ನು ಗುರುತಿಸಿ ಅಷ್ಟನ್ನೇ ಬಿಡಬಹುದು. ದೊಡ್ಡ ಬಡಿತಗಳು ದುಂಡನೆಯ ಕಲೆ ಬಿಡುತ್ತವೆ. ಅವಕ್ಕೆ ಸ್ನೋಬಾಲ್ ಅಂತ ಹೆಸರು. ಹಿಂದಿನ ವೀಕ್ಷಣೆಯಲ್ಲಿ ಪ್ರಖರ ನಕ್ಷತ್ರ ಬಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಅದರ ನೆನಪು ಉಳಿಯುತ್ತದೆ. ಚೆದುರಿದ ಬೆಳಕು ಹೊಗೆಯ ಎಳೆಗಳ ಹಾಗೆ ಹರಡುತ್ತದೆ. ಇವೆಲ್ಲ ಮಸುಕು ಚುಕ್ಕೆ ಹುಡುಕುವವರ ದಿನನಿತ್ಯದ ಶತ್ರುಗಳು.

ಇದಕ್ಕೆ ಮದ್ದು ಅಂದರೆ ದೂರದರ್ಶಕವನ್ನು ಒಂದಿಷ್ಟೇ ಸರಿಸಿ ಸರಿಸಿ ತೆಗೆಯುವುದು. ಆಕಾಶದ ಚುಕ್ಕೆ ಪ್ರತಿ ಸಲ ಸಂವೇದಕದ ಬೇರೆ ಬಿಂದುವಿನ ಮೇಲೆ ಬೀಳುತ್ತದೆ. ಸಂವೇದಕದ ದೋಷ ಇದ್ದಲ್ಲೇ ಇರುತ್ತದೆ. ನಮ್ಮ ಗೆಳೆಯ ಮೂಲ ಚಿತ್ರಗಳನ್ನು ಎರಡು ಗುಂಪು ಮಾಡಿ, ಎರಡನ್ನೂ ಬೇರೆ ಬೇರೆಯಾಗಿ ಸೇರಿಸಿದರು. ಚುಕ್ಕೆ ಎರಡರಲ್ಲೂ ಇತ್ತು. ಇದು ನಿಜ.

ಇದೇ ತಪಾಸಣೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಂತು. ಅದನ್ನು ನಾವು ಬದಿಗಿಟ್ಟೆವು, ಈ ಪ್ರಕರಣದಲ್ಲಿ ನಮ್ಮ ದೊಡ್ಡ ತಪ್ಪು ಅದೇ. ಖಾಲಿ ಅಂದುಕೊಂಡಿದ್ದ 2 ಮೈಕ್ರಾನ್ ಚಿತ್ರದಲ್ಲಿ, ಚುಕ್ಕೆ ಇರಬೇಕಾದ ಜಾಗದಲ್ಲೇ, ಒಂದಿಷ್ಟು ಬೆಳಕು ಹೆಚ್ಚಿತ್ತು. ಗೆಳೆಯ ಅದೇ ಚಿತ್ರದ ಖಾಲಿ ಜಾಗಗಳಲ್ಲಿ ಸಾವಿರಾರು ಕಡೆ ಅಳೆದು ನೋಡಿದರು. ಅಷ್ಟು ಹೊಳಪು ಸುಮ್ನೆ ಗದ್ದಲದಿಂದಲೇ ಇಪ್ಪತ್ತರಲ್ಲಿ ಒಂದು ಸಲ ಬರುತ್ತಿತ್ತು. "ಇದೇನೂ ದೊಡ್ಡದಲ್ಲ, ಗದ್ದಲ ಅಂತಲೇ ಇಟ್ಟುಕೊಳ್ಳೋಣ" ಅಂದೆ ನಾನು. ಯಾರೂ ಎದುರು ಮಾತಾಡಲಿಲ್ಲ. ಗೆಳೆಯ ಮಾತ್ರ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡರು.

ಎರಡು ಶಿಖರ

ಏಳು ಫಿಲ್ಟರ್‌ಗಳ ಹೊಳಪನ್ನು ಸಾಫ್ಟ್‌ವೇರ್‌ಗೆ ಕೊಟ್ಟರೆ ಅದು ನೂರಾರು ಮಾದರಿ ಗ್ಯಾಲಕ್ಸಿಗಳ ಜೊತೆ ಹೋಲಿಸಿ ಯಾವ ದೂರ ಎಷ್ಟು ಹೊಂದುತ್ತದೆ ಅಂತ ಹೇಳುತ್ತದೆ. ನಮಗೆ ಬಂದ ಗ್ರಾಫಿನಲ್ಲಿ ಎರಡು ಶಿಖರಗಳಿದ್ದವು. 17ರ ಹತ್ತಿರ ಎತ್ತರದ್ದು. 5ರ ಹತ್ತಿರ ಗಿಡ್ಡನೆಯದು. ಮೊದಲ ಕರಡು ಲೇಖನದಲ್ಲಿ ಗಿಡ್ಡ ಶಿಖರದ ಬಗ್ಗೆ ಒಂದೇ ಸಾಲು ಬರೆದಿದ್ದೆವು.

ಕರಡು ಓದಿದ ಮುಖ್ಯಸ್ಥರು ಆ ಸಾಲಿನ ಕೆಳಗೆ ಗೆರೆ ಎಳೆದು ವಾಪಸ್ ಕೊಟ್ಟರು. 2022ರಲ್ಲಿ ನಡೆದದ್ದನ್ನು ನೆನಪಿಸಿದರು. ವೆಬ್‌ನ ಮೊದಲ ತಿಂಗಳುಗಳ ಚಿತ್ರಗಳಲ್ಲಿ ಒಂದು ಚುಕ್ಕೆಯನ್ನು ರೆಡ್‌ಶಿಫ್ಟ್ 16.4 ಅಂತ ಅಂದಾಜು ಮಾಡಲಾಗಿತ್ತು. ಆಮೇಲೆ ರೋಹಿತ ತೆಗೆದು ನೋಡಿದಾಗ ಅದು 4.9 ಅಂತ ಗೊತ್ತಾಯಿತು. ಅದೇ ವೀಕ್ಷಣೆಯಲ್ಲಿ 11.4ರ ಇನ್ನೊಂದು ಗ್ಯಾಲಕ್ಸಿ ಖಚಿತವೂ ಆಯಿತು. ಅಂದರೆ ಅಂದಾಜಿನ ವಿಧಾನವೇ ಕೆಟ್ಟದ್ದಲ್ಲ. ಕೆಲವು ನಿರ್ದಿಷ್ಟ ಜಾಗಗಳಲ್ಲಿ ಮಾತ್ರ ಅದು ಮೋಸ ಹೋಗುತ್ತದೆ.

ಆ ಜಾಗ ಎಂಥದ್ದು ಅಂತ ನಾವು ಕೂತು ಲೆಕ್ಕ ಹಾಕಿದೆವು. ರೆಡ್‌ಶಿಫ್ಟ್ 4.9 ಅಂದರೆ ಅಲೆ 5.9 ಪಟ್ಟು ಹಿಗ್ಗುತ್ತದೆ. ನಕ್ಷತ್ರಗಳು ಹುಟ್ಟುತ್ತಿರುವ ಗ್ಯಾಲಕ್ಸಿಯಲ್ಲಿ ಆಮ್ಲಜನಕದ ಒಂದು ಪ್ರಖರ ಗೆರೆ (ಒಂದೇ ಉದ್ದದ ಅಲೆಯಲ್ಲಿ ತುಂಬಿ ಬರುವ ಬೆಳಕು) 0.5008 ಮೈಕ್ರಾನ್‌ನಲ್ಲಿ ಇರುತ್ತದೆ. ಅದು 2.95ಕ್ಕೆ ಬರುತ್ತದೆ, ಸರಿಯಾಗಿ 2.77ರ ಫಿಲ್ಟರ್ ಒಳಗೆ. ಹೈಡ್ರೋಜನ್ನಿನ ಕೆಂಪು ಗೆರೆ 0.6565ರಲ್ಲಿ. ಅದು 3.87ಕ್ಕೆ ಬರುತ್ತದೆ. 3.87 ಅಂದರೆ 3.56, 4.1, 4.44 ಮೂರೂ ಫಿಲ್ಟರ್‌ಗಳ ಅಂಚುಗಳು ಕೂಡುವ ಜಾಗ! ಒಂದೇ ಗೆರೆ ಮೂರರಲ್ಲೂ ಸ್ವಲ್ಪ ಸ್ವಲ್ಪ ಬೆಳಕು ತುಂಬಬಹುದು. ಗ್ಯಾಲಕ್ಸಿಯಲ್ಲಿ ದೂಳು ಜಾಸ್ತಿ ಇದ್ದರೆ ಚಿಕ್ಕ ಅಲೆಯ ಬೆಳಕು ಸೋರದೆ ಮೊದಲ ಮೂರು ಚೌಕ ಖಾಲಿಯಾಗಿ ಕಾಣುತ್ತವೆ. ಎರಡೇ ಎರಡು ಗೆರೆ, ಒಂದಿಷ್ಟು ದೂಳು. ಇಷ್ಟಿದ್ದರೆ ರೆಡ್‌ಶಿಫ್ಟ್ 17ರ ವೇಷ ತಯಾರು.

ನಮ್ಮ ಮಾದರಿಗಳ ಪಟ್ಟಿಯಲ್ಲಿ ದೂಳೂ ಪ್ರಖರ ಗೆರೆಗಳೂ ಒಟ್ಟಿಗೆ ಇರುವ ಗ್ಯಾಲಕ್ಸಿಗಳು ಬೆರಳೆಣಿಕೆಯಷ್ಟೇ ಇದ್ದವು. ಅವನ್ನು ಸೇರಿಸಿ ಮತ್ತೆ ಓಡಿಸಿದಾಗ 5ರ ಶಿಖರ ಎದ್ದು ನಿಂತಿತು. ಎರಡೂ ಹೆಚ್ಚುಕಡಿಮೆ ಸಮ. ಸಾಫ್ಟ್‌ವೇರ್ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಮಾತೂ ಇತ್ತು. ದೂಳು ತುಂಬಿದ 5ರ ಗ್ಯಾಲಕ್ಸಿಗಳು ಆಕಾಶದಲ್ಲಿ ಸಾಕಷ್ಟು ಇವೆ. 17ರಲ್ಲಿ ಖಚಿತವಾದದ್ದು ಒಂದೂ ಇರಲಿಲ್ಲ. ಆಗ ಗೆಳೆಯ ಟಿಪ್ಪಣಿ ಪುಸ್ತಕ ತೆಗೆದು 2 ಮೈಕ್ರಾನ್‌ನ ಆ ಒಂದಿಷ್ಟು ಬೆಳಕನ್ನು ಮತ್ತೆ ಮೇಜಿನ ಮೇಲೆ ಇಟ್ಟರು. 17ರ ಗ್ಯಾಲಕ್ಸಿಯ ಬೆಳಕು ಆ ಫಿಲ್ಟರ್‌ನಲ್ಲಿ ಬಹುಪಾಲು ಇರಲೇಬಾರದು.

ಮೊದಲ ತಿರುವು

ಇಲ್ಲಿ ತಂಡ ಎರಡಾಯಿತು. ಚಿತ್ರಗಳು ಎಲ್ಲರಿಗೂ ಮುಕ್ತ, ನಾವು ಸುಮ್ಮನಿದ್ದರೆ ಬೇರೆಯವರು ಇದೇ ಚುಕ್ಕೆಯನ್ನು ಕಂಡು ಬರೆದುಬಿಡುತ್ತಾರೆ ಅನ್ನುವುದು ನನ್ನ ವಾದ. ಎರಡೂ ಸಾಧ್ಯತೆ ಹೇಳಿ ಈಗಲೇ ಪ್ರಕಟಿಸೋಣ ಅಂದೆ. ವಿದ್ಯಾರ್ಥಿನಿಗೆ ಅದು ಮೊದಲ ಲೇಖನ, ಕೈತಪ್ಪಿದರೆ ನಷ್ಟ ಅವಳದ್ದೇ. ಆದರೂ ಬೇಡ ಅಂದಿದ್ದು ಅವಳೇ. "ಶೀರ್ಷಿಕೆಯಲ್ಲಿ 17 ಅಂತ ಬಂದ ಮೇಲೆ ಒಳಗಡೆ ನಾವು ಏನೇ ಬರೆದರೂ ಯಾರು ಓದುತ್ತಾರೆ ಸರ್?" ಅಂದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಅವಳು ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದಳು. ಎಡಕ್ಕೆ "17 ಆಗಿದ್ದರೆ", ಬಲಕ್ಕೆ "5 ಆಗಿದ್ದರೆ". ಎಡಗಡೆ ಬರೆದದ್ದು: 2.19 ಮೈಕ್ರಾನ್‌ಗಿಂತ ಕೆಳಗೆ ರೋಹಿತ ಪೂರ್ತಿ ಕತ್ತಲು, ಅಲ್ಲಿಂದ ಮೆಟ್ಟಿಲಿನ ಹಾಗೆ ಎದ್ದು ಮುಂದಕ್ಕೆ ಒಂದೇ ಸಮ. ಬಲಗಡೆ ಬರೆದದ್ದು: ಎರಡು ಗೆರೆಗಳು, ಒಂದರ ತರಂಗಾಂತರವನ್ನು ಇನ್ನೊಂದರಿಂದ ಭಾಗಿಸಿದರೆ 1.31. ಎರಡು ಗೆರೆಗಳೂ ಒಂದೇ ಪಟ್ಟು ಹಿಗ್ಗುವುದರಿಂದ ದೂರ ಎಷ್ಟೇ ಇದ್ದರೂ ಈ ಅನುಪಾತ ಬದಲಾಗುವುದಿಲ್ಲ. ಕೆಳಗೆ ಎಲ್ಲರೂ ಸಹಿ ಹಾಕಿದೆವು. ಯಾವುದು ಬಂದರೆ ನಮ್ಮ ಆಸೆ ಬಿದ್ದುಹೋಗುತ್ತದೆ ಅಂತ ಅಳತೆ ಮಾಡುವ ಮೊದಲೇ ಬರೆದಿಟ್ಟ ಆ ಹಾಳೆ ಮುಂದಿನ ಪ್ರತಿ ನಿರ್ಧಾರದಲ್ಲೂ ನಮ್ಮ ಕೈ ಹಿಡಿಯಿತು.

ಅದನ್ನು ನೋಡಿದ ಮೇಲೆ ಬೇಕಾದ ಉಪಕರಣ ಯಾವುದು ಅನ್ನುವುದೂ ತಾನಾಗೇ ತಿಳಿಯಿತು. 2 ಮೈಕ್ರಾನ್‌ನಲ್ಲಿ ಇನ್ನೂ ಹೆಚ್ಚು ಹೊತ್ತು ಚಿತ್ರ ತೆಗೆಯಬಹುದಿತ್ತು. ಆದರೆ ಅದರಿಂದ ಸಿಗುವುದು ಇನ್ನೊಂದು ಅಂದಾಜು. ಬೇಕಿದ್ದದ್ದು ರೋಹಿತ. ವೆಬ್‌ನ ರೋಹಿತಮಾಪಕದಲ್ಲಿ ಪ್ರಿಸಂ ಹಾಕಿದರೆ 0.6ರಿಂದ 5.3 ಮೈಕ್ರಾನ್‌ವರೆಗೆ ಒಂದೇ ಸಲ ಬರುತ್ತದೆ. ಹಾಳೆಯ ಎರಡೂ ಬದಿಯನ್ನು ಒಂದೇ ವೀಕ್ಷಣೆ ಪರೀಕ್ಷಿಸುತ್ತದೆ.

ಅರ್ಜಿ

ವೆಬ್‌ನ ಸಮಯಕ್ಕೆ ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತಾರೆ. ಪೈಪೋಟಿ ಬಹಳ. ನಾಲ್ಕನೇ ಸುತ್ತಿಗೆ 2,300ಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು, ಕೇಳಿದ ಸಮಯ ಇರುವುದರ ಸುಮಾರು ಒಂಬತ್ತು ಪಟ್ಟು. ಅರ್ಜಿ ಓದುವವರಿಗೆ ಬರೆದವರು ಯಾರು ಅಂತ ಗೊತ್ತಿರುವುದಿಲ್ಲ, ಬರೆದವರಿಗೂ ಓದುವವರು ಯಾರು ಅಂತ ಗೊತ್ತಿರುವುದಿಲ್ಲ. ನಮ್ಮಂಥ ಹೆಸರಿಲ್ಲದ ಸಣ್ಣ ತಂಡಕ್ಕೆ ಈ ವ್ಯವಸ್ಥೆ ದೊಡ್ಡ ಬಲ. ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ.

ಮೊದಲ ಅರ್ಜಿ ತಿರಸ್ಕೃತವಾಯಿತು. ವಿಮರ್ಶೆಯ ಸಾರ ಇಷ್ಟು: 17 ಅಂತ ಬಂದರೆ ಅದ್ಭುತ, ಬಾರದಿದ್ದರೆ ಈ ಗಂಟೆಗಳಿಂದ ಏನು ಸಿಕ್ಕಂತಾಯಿತು? ನ್ಯಾಯವಾದ ಮಾತು. ಅರ್ಜಿ ಬರೆಯುವಾಗ ನಾವು ಹಾಳೆಯ ಎಡಗಡೆಯನ್ನಷ್ಟೇ ಬಳಸಿದ್ದೆವು. ಮುಂದಿನ ವರ್ಷ ಬಲಗಡೆಯಿಂದ ಶುರು ಮಾಡಿದೆವು. ಇದು 5 ಆಗಿದ್ದರೆ, ಇಂಥ ಎಷ್ಟು ಗ್ಯಾಲಕ್ಸಿಗಳು ಅತಿ ದೂರದವುಗಳ ಪಟ್ಟಿಗೆ ನುಸುಳುತ್ತಿರಬಹುದು ಅಂತ ಲೆಕ್ಕ ಹಾಕಲು ದಾರಿಯಾಗುತ್ತದೆ ಅಂತ ವಿವರಿಸಿದೆವು. ಎರಡನೇ ಅರ್ಜಿ ಒಪ್ಪಿಗೆಯಾಯಿತು. ಈ ನಡುವೆ ಒಂದು ವರ್ಷ ಕಳೆದಿತ್ತು. ಪ್ರತಿ ವಾರ ಹೊಸ ಲೇಖನಗಳ ಪಟ್ಟಿ ತೆರೆಯುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮ ಚುಕ್ಕೆಯ ಬಗ್ಗೆ ಯಾರೂ ಬರೆದಿರಲಿಲ್ಲ.

ಪುಟ್ಟ ಬಾಗಿಲುಗಳು

ರೋಹಿತಮಾಪಕದ ಮುಂದೆ ಸುಮಾರು 2.5 ಲಕ್ಷ ಸೂಕ್ಷ್ಮ ಬಾಗಿಲುಗಳ ಒಂದು ಜಾಲ ಇದೆ. ಪ್ರತಿ ಬಾಗಿಲು ಆಕಾಶದಲ್ಲಿ 0.2 ಆರ್ಕ್‌ಸೆಕೆಂಡ್ ಅಗಲ, 0.46 ಆರ್ಕ್‌ಸೆಕೆಂಡ್ ಉದ್ದ (ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ). ಬೇಕಾದ ಗ್ಯಾಲಕ್ಸಿಯ ಎದುರು ಬಾಗಿಲು ತೆರೆದು ಉಳಿದದ್ದನ್ನು ಮುಚ್ಚುತ್ತಾರೆ. ಹೀಗೆ ಒಂದೇ ಸಲ ಹತ್ತಾರು ಗ್ಯಾಲಕ್ಸಿಗಳ ರೋಹಿತ ಸಿಗುತ್ತದೆ. ಕೆಲವು ಬಾಗಿಲು ಮುಚ್ಚಿಕೊಂಡೇ ಉಳಿದಿವೆ, ತೆರೆಯುವುದಿಲ್ಲ. ಕೆಲವು ತೆರೆದೇ ಇರುತ್ತವೆ. ಯೋಜನೆ ಮಾಡುವಾಗ ಅವನ್ನೆಲ್ಲ ತಪ್ಪಿಸಬೇಕು.

ಇನ್ನೊಂದು ಬಿಗಿ ಇದೆ. ಮರೆಯ ನೆರಳು ತಪ್ಪಬಾರದು. ಹಾಗಾಗಿ ವೆಬ್ ಸೂರ್ಯನಿಂದ 85ರಿಂದ 135 ಡಿಗ್ರಿ ದೂರದ ಪಟ್ಟಿಯಲ್ಲಿ ಮಾತ್ರ ನೋಡಬಲ್ಲದು. ಯಾವುದೇ ದಿನ ಆಕಾಶದ ಶೇ 40ರಷ್ಟು ಭಾಗ ಮಾತ್ರ ಅದಕ್ಕೆ ಸಿಗುತ್ತದೆ. ತನ್ನ ದೃಷ್ಟಿಯ ರೇಖೆಯ ಸುತ್ತ ಬೇಕಾದಷ್ಟು ತಿರುಗಿ ನಿಲ್ಲಲೂ ಆಗುವುದಿಲ್ಲ. ಬಾಗಿಲುಗಳ ಜಾಲ ಆಕಾಶದ ಮೇಲೆ ಯಾವ ಕೋನದಲ್ಲಿ ಬೀಳುತ್ತದೆ ಅನ್ನುವುದನ್ನು ತಾರೀಖು ನಿರ್ಧರಿಸುತ್ತದೆ. ತಾರೀಖು ಬದಲಾದರೆ ಬಾಗಿಲಿನ ಯೋಜನೆ ಮೊದಲಿಂದ ಮಾಡಬೇಕು.

ನಮ್ಮ ಚುಕ್ಕೆಗೆ ಬೇಕಾದದ್ದು ಒಂದು ಬಾಗಿಲು. ಉಳಿದ ಜಾಗಕ್ಕೆ ಏನು ಹಾಕುವುದು? ವಿದ್ಯಾರ್ಥಿನಿ ಆ ಭಾಗದ ಇತರ ಗ್ಯಾಲಕ್ಸಿಗಳ ಪಟ್ಟಿ ಮಾಡಿದಳು. ಅಂದಾಜು ಚೆನ್ನಾಗಿರುವವನ್ನು ಮಾತ್ರ ಹಾಕೋಣ ಅಂದೆ ನಾನು. ಅಂದಾಜು ಕೆಟ್ಟಿರುವವನ್ನೂ ಒಂದಷ್ಟು ಹಾಕೋಣ ಅಂದಳು ಅವಳು. ಈ ಸಲ ಅವಳ ಮಾತಿಗೆ ನಾನು ಬೇಗ ಒಪ್ಪಿದೆ.

ಕಾಣದ ನಕ್ಷತ್ರ

ವೆಬ್‌ಗೆ ಭೂಮಿಯಿಂದ ಯಾರೂ ಕ್ಷಣಕ್ಷಣಕ್ಕೂ ದಾರಿ ತೋರಿಸುವುದಿಲ್ಲ. ವೀಕ್ಷಣೆಗಳ ಪಟ್ಟಿ ಮೊದಲೇ ಅದಕ್ಕೆ ಹೋಗಿರುತ್ತದೆ. ಅದು ಒಂದೊಂದಾಗಿ ಮಾಡುತ್ತಾ ಹೋಗುತ್ತದೆ. ಪ್ರತಿಯೊಂದರ ಮೊದಲು ಒಂದು ಮಾರ್ಗದರ್ಶಿ ನಕ್ಷತ್ರವನ್ನು ಹಿಡಿಯಬೇಕು. ಆ ನಕ್ಷತ್ರ ಅಲುಗಾಡದಂತೆ ಒಂದು ಸಣ್ಣ ಕನ್ನಡಿ ಸತತವಾಗಿ ಸರಿಪಡಿಸುತ್ತಾ ಇರುತ್ತದೆ. ಇದರಿಂದ ಗುರಿ ಸುಮಾರು ಒಂದು ಮಿಲಿ ಆರ್ಕ್‌ಸೆಕೆಂಡ್ ಮಟ್ಟದಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ನಕ್ಷತ್ರ ಸಿಗದಿದ್ದರೆ? ಅದು ಕಾಯುವುದಿಲ್ಲ. ಆ ವೀಕ್ಷಣೆ ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಅದು ಸರಿಯೂ ಹೌದು, ಯಾಕೆಂದರೆ ಅದರ ಒಂದೊಂದು ಗಂಟೆಗೂ ಯಾರೋ ಕಾಯುತ್ತಿರುತ್ತಾರೆ.

ನಮ್ಮ ದಿನ ಬಂತು. ಸ್ಥಿತಿ ಪುಟದಲ್ಲಿ ಒಂದೇ ಪದ ಇತ್ತು: ಬಿಟ್ಟುಹೋಗಿದೆ. ಪಟ್ಟಿಯಲ್ಲಿ ನಕ್ಷತ್ರ ಅಂತ ನಮೂದಾಗಿದ್ದ ಚುಕ್ಕೆ ನಿಜಕ್ಕೂ ಒಂದು ಪುಟ್ಟ, ದಟ್ಟ ಗ್ಯಾಲಕ್ಸಿಯಾಗಿತ್ತು. ಮಾರ್ಗದರ್ಶಿ ಸಂವೇದಕ ಅದನ್ನು ಹಿಡಿಯಲಾರದೆ ಹೋಯಿತು. ಮರುವೀಕ್ಷಣೆ ಸಿಕ್ಕಿತು. ಆದರೆ ಆ ಜಾಗ ಮತ್ತೆ ನೋಟದ ಪಟ್ಟಿಗೆ ಬರಲು ತಿಂಗಳುಗಳು ಬೇಕಿದ್ದವು. ಆಗ ಕೋನ ಬೇರೆ. ಬಾಗಿಲಿನ ಯೋಜನೆ ಮೊದಲಿಂದ.

ಎರಡನೇ ಯೋಜನೆಯಲ್ಲಿ ಇನ್ನೊಂದು ಆಯ್ಕೆ ಎದುರಾಯಿತು. ಹೊಸ ಕೋನದಲ್ಲಿ ಅತಿ ಹೆಚ್ಚು ಗ್ಯಾಲಕ್ಸಿಗಳು ಸಿಗುವ ಹಾಗೆ ಗುರಿ ಇಟ್ಟರೆ ನಮ್ಮ ಚುಕ್ಕೆ ಬಾಗಿಲಿನ ಅಂಚಿಗೆ ಬೀಳುತ್ತಿತ್ತು. ಅರ್ಧ ಬೆಳಕು ಚೌಕಟ್ಟಿಗೇ ಹೋಗುತ್ತಿತ್ತು. ಚುಕ್ಕೆ ನಡುವೆ ಬರುವ ಹಾಗೆ ಇಟ್ಟರೆ ಉಳಿದವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕೈಬಿಡಬೇಕು. ಹಾಳೆಯ ಪ್ರಶ್ನೆಗೆ ಉತ್ತರ ಕೊಡುವುದು ಯಾವುದು ಅಂತ ಕೇಳಿಕೊಂಡೆವು. ಚುಕ್ಕೆಯನ್ನು ನಡುವೆ ಇಟ್ಟೆವು. ಕೈಬಿಡುವಾಗ ವಿದ್ಯಾರ್ಥಿನಿ ತನ್ನ "ಅಂದಾಜು ಕೆಟ್ಟವು" ಪಟ್ಟಿಯಿಂದ ನಾಲ್ಕನ್ನು ಹಟ ಹಿಡಿದು ಉಳಿಸಿಕೊಂಡಳು.

ಉತ್ತರ ಬಂದ ದಿನ

ಈ ಸಲ ನಕ್ಷತ್ರ ಸಿಕ್ಕಿತು. ಬಾಗಿಲುಗಳು ತೆರೆದವು. ಗಂಟೆಗಟ್ಟಲೆ ಬೆಳಕು ಬಿತ್ತು. ವೆಬ್ ಮಾಹಿತಿಯನ್ನು ಮೊದಲು ತನ್ನ ನೆನಪಿನಲ್ಲಿ ಇಟ್ಟುಕೊಂಡು, ಭೂಮಿಯ ದೊಡ್ಡ ಆಂಟೆನಾಗಳ ಜೊತೆ ಸಂಪರ್ಕ ಸಿಕ್ಕಾಗ ಕಳಿಸುತ್ತದೆ. ಆ ಆಂಟೆನಾಗಳು ಕ್ಯಾಲಿಫೋರ್ನಿಯಾ, ಸ್ಪೇನ್, ಆಸ್ಟ್ರೇಲಿಯಾ ಮೂರು ಕಡೆ ಇವೆ. ಭೂಮಿ ತಿರುಗುತ್ತಿದ್ದರೂ ಯಾವುದಾದರೂ ಒಂದಕ್ಕೆ ವೆಬ್ ಕಾಣುತ್ತಿರಲಿ ಅಂತ.

ಮಾಹಿತಿ ಕೈಗೆ ಬಂದಾಗ ನಾಲ್ವರೂ ಒಂದೇ ಪರದೆಯ ಮುಂದೆ ಇದ್ದೆವು. ಗೆಳೆಯ ಹಿನ್ನೆಲೆ ಬೆಳಕನ್ನು ಕಳೆದು ರೋಹಿತವನ್ನು ಬಿಡಿಸಿದರು. ಎಡದಿಂದ ಬಲಕ್ಕೆ ಮಸುಕಾದ ಒಂದು ಪಟ್ಟಿ. 2.19ರಲ್ಲಿ ಮೆಟ್ಟಿಲು ಇರಲಿಲ್ಲ. ಅದಕ್ಕಿಂತ ಕೆಳಗೂ ಬಹಳ ಮಂದವಾಗಿ ಬೆಳಕು ಇತ್ತು. 2.95ರಲ್ಲಿ ಒಂದು ಪ್ರಖರ ಉಬ್ಬು. ಪ್ರಿಸಂನಲ್ಲಿ ಬಿಡಿಬಿಡಿಯಾಗಿ ಕಾಣದೆ, ಆಮ್ಲಜನಕದ ಎರಡು ಗೆರೆಗಳು ಅಂಟಿಕೊಂಡು ಒಂದಾಗಿದ್ದವು. 3.87ರಲ್ಲಿ ಇನ್ನೊಂದು. ವಿದ್ಯಾರ್ಥಿನಿ ಕ್ಯಾಲ್ಕುಲೇಟರ್ ತೆಗೆದು ಭಾಗಿಸಿದಳು. 1.31.

ರೆಡ್‌ಶಿಫ್ಟ್ 4.9. ಮಹಾಸ್ಫೋಟ ಆಗಿ ಸುಮಾರು 120 ಕೋಟಿ ವರ್ಷದ ನಂತರದ, ದೂಳು ತುಂಬಿದ, ನಕ್ಷತ್ರಗಳನ್ನು ಹುಟ್ಟಿಸುತ್ತಿದ್ದ ಒಂದು ಗ್ಯಾಲಕ್ಸಿ.

ಬೇಸರ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ವಾದ ಮಾಡಲು ಯಾರಿಗೂ ಏನೂ ಉಳಿದಿರಲಿಲ್ಲ. ಗೆರೆಗಳನ್ನು ಬೇರೆ ಥರ ಓದಬಹುದಾ, ಇನ್ನೊಂದು ಮಾದರಿ ಹೊಂದುತ್ತದಾ ಅಂತ ಯಾರೂ ಶುರು ಮಾಡಲಿಲ್ಲ. ಅಷ್ಟು ಹಿಂದೆಯೇ ಸಹಿ ಹಾಕಿದ್ದೆವು ಅಲ್ವಾ. ಹಾಳೆ ಇಲ್ಲದಿದ್ದರೆ ನಾನೇ ಶುರು ಮಾಡುತ್ತಿದ್ದೆ, ಅದು ನನಗೆ ಚೆನ್ನಾಗಿ ಗೊತ್ತು.

ಕೆಲಸದಲ್ಲಿ ಬದಲಾದದ್ದು

ಲೇಖನ ಬಂತು. ಶೀರ್ಷಿಕೆಯಲ್ಲಿ 4.9 ಇದೆ. 2.77ರಿಂದ 4.44ರವರೆಗಿನ ಫಿಲ್ಟರ್‌ಗಳಲ್ಲಿ ಎರಡು ಗೆರೆಗಳು ಹೇಗೆ ಸಮತಟ್ಟಾದ ಹೊಳಪಿನ ಭ್ರಮೆ ಕೊಡುತ್ತವೆ ಅನ್ನುವುದು ಅದರ ಮುಖ್ಯ ಭಾಗ. ಇಂಥ ಚುಕ್ಕೆ ಸಿಕ್ಕರೆ ಈಗ ನಾವು ಮೊದಲು ನೋಡುವುದು ಆ ಕಿರಿದಾದ ರೆಡ್‌ಶಿಫ್ಟ್ ಪಟ್ಟಿಯನ್ನೇ. ಮಾದರಿಗಳ ಪಟ್ಟಿಯಲ್ಲಿ ದೂಳೂ ಗೆರೆಗಳೂ ಒಟ್ಟಿಗೆ ಇವೆಯಾ ಅಂತ ಕೇಳದೆ ಶಿಖರದ ಎತ್ತರವನ್ನು ನಂಬುವುದಿಲ್ಲ.

ಗೆಳೆಯನ ಟಿಪ್ಪಣಿ ನನ್ನನ್ನು ಇನ್ನೂ ಕಾಡುತ್ತದೆ. ಇಪ್ಪತ್ತರಲ್ಲಿ ಒಂದು ಸಲ ಬರುವ ಗದ್ದಲವನ್ನು ಗದ್ದಲ ಅನ್ನುವುದು ತಪ್ಪಲ್ಲ. ನಮ್ಮ ಆಸೆಗೆ ಅಡ್ಡ ಬಂದ ಕಾರಣಕ್ಕೆ ಹಾಗೆ ಅಂದದ್ದು ತಪ್ಪು. ಅದೇ ಪ್ರಮಾಣದ ಬೆಳಕು 2.77ರಲ್ಲಿ ನಮ್ಮ ಪರವಾಗಿ ಬಂದಿದ್ದರೆ ಅದನ್ನು ಗದ್ದಲ ಅನ್ನುತ್ತಿದ್ದೆನಾ? ಈಗ ಯಾವ ಅಳತೆಯನ್ನಾದರೂ ಬದಿಗಿಡುವ ಮೊದಲು ಬದಿಗಿಟ್ಟ ಕಾರಣವನ್ನು ಬರೆಯುತ್ತೇವೆ. ಬರೆದವರ ಹೆಸರಿನ ಜೊತೆ.

ಅಂದಾಜುಗಳ ಬಗ್ಗೆ ಇನ್ನೊಂದು ಮಾತು. ಹಬಲ್ 2016ರಲ್ಲಿ ಜಿಎನ್-ಝಡ್11 ಅನ್ನುವ ಗ್ಯಾಲಕ್ಸಿಯ ರೆಡ್‌ಶಿಫ್ಟನ್ನು 11.1 ಅಂತ ಅಳೆದಿತ್ತು. ವೆಬ್ ಅದನ್ನು 10.6 ಅಂತ ತಿದ್ದಿತು. ಅದರಿಂದ ಯಾರ ಗೌರವವೂ ಕಡಿಮೆಯಾಗಲಿಲ್ಲ. ತನ್ನ ನೋಟದ ಅಂಚಿನಲ್ಲಿ ಹಬಲ್ ಮಾಡಬಹುದಾದದ್ದನ್ನು ಮಾಡಿತ್ತು.

ಲೇಖನ ಕಳಿಸಿ ಎರಡು ವಾರ ಆಗಿತ್ತು. ವಿದ್ಯಾರ್ಥಿನಿ ಉಳಿದ ಬಾಗಿಲುಗಳ ರೋಹಿತಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಅವಳು ಹಟ ಹಿಡಿದು ಉಳಿಸಿಕೊಂಡ ನಾಲ್ಕರಲ್ಲಿ ಒಂದು ನೆರೆಯ ಗ್ಯಾಲಕ್ಸಿಗೆ ಒರಗಿಕೊಂಡಂತೆ ಇತ್ತು. ಎರಡರ ಬೆಳಕೂ ಬೆರೆತು, ಅದರ ಅಂದಾಜು ದೂರ ಅರ್ಥವಿಲ್ಲದ ಸಂಖ್ಯೆಯಾಗಿತ್ತು. ರೋಹಿತದಲ್ಲಿ 1.12 ಮೈಕ್ರಾನ್‌ಗಿಂತ ಕೆಳಗೆ ಕತ್ತಲು. ಅಲ್ಲಿಂದ ಸ್ಪಷ್ಟವಾದ ಮೆಟ್ಟಿಲು. ಬಲ ತುದಿಯಲ್ಲಿ 4.61ರಲ್ಲಿ ಒಂದು ಗೆರೆ, ಅದರ ಪಕ್ಕದಲ್ಲಿ 4.47ರಲ್ಲಿ ಇನ್ನೊಂದು ಮಂದ ಗೆರೆ. ಆಮ್ಲಜನಕವೂ ಹೈಡ್ರೋಜನ್ನಿನ ನೀಲಿ ಗೆರೆಯೂ ಆಗಿದ್ದರೆ ಅನುಪಾತ 1.03 ಇರಬೇಕು, ರೆಡ್‌ಶಿಫ್ಟ್ 8.2 ಆಗಬೇಕು. ಮಹಾಸ್ಫೋಟ ಆಗಿ ಸುಮಾರು 60 ಕೋಟಿ ವರ್ಷದ ನಂತರದ ಬೆಳಕು.

ಅವಳು ಆ ಹಳೆಯ ಹಾಳೆಯನ್ನೇ ತಿರುಗಿಸಿ, ಹಿಂಬದಿಯಲ್ಲಿ ಮೊದಲು 1.03 ಅಂತ ಬರೆದಳು. ಆಮೇಲೆ ಕ್ಯಾಲ್ಕುಲೇಟರ್ ತೆಗೆದುಕೊಂಡಳು.